ಅಮ್ಮನ ಮಿಡಿಗೆ ಮೆದು ನೀರು

ನಮ್ಮ ಮನೆಗೆ ನೀರು ಶುದ್ಧ ಮಾಡುವ ಯಂತ್ರ ಬಂದದ್ದು ಆರೋಗ್ಯದ ಕಾರಣಕ್ಕಲ್ಲ, ಉಪ್ಪಿನಕಾಯಿಯ ಕಾರಣಕ್ಕೆ.

ಕೊಪ್ಪದ ಪಕ್ಕದ ಬಾಳಗಡಿಯಲ್ಲಿ, ಕಾಲೇಜಿನ ಹಿಂದಿನ ಹೊಸ ಬಡಾವಣೆಯಲ್ಲಿ ನಾವು ಮನೆ ಕಟ್ಟಿಸಿ ಬಂದು ಹೆಚ್ಚು ದಿನವಾಗಿರಲಿಲ್ಲ. ಮೊಬೈಲಿನಲ್ಲಿ ಮಾತಾಡಬೇಕಾದರೆ ತಾರಸಿ ಹತ್ತಬೇಕಿದ್ದ ಕಾಲ ಅದು. ಮನೆಯಲ್ಲಿ ಅಪ್ಪ, ಅಮ್ಮ, ಹೆಂಡತಿ ಮತ್ತು ನಾನು. ಅಪ್ಪ ನಿವೃತ್ತ ಮೇಷ್ಟ್ರು. ಹೆಂಡತಿ ಅದೇ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ನಾನು ಪತ್ರಿಕೆಯೊಂದಕ್ಕೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸುದ್ದಿ ಕಳಿಸುತ್ತಿದ್ದೆ. ನಿವೇಶನ ಚಿಕ್ಕದು, ಬಾವಿಗೆ ಜಾಗವಿರಲಿಲ್ಲ, ಬೋರ್‌ವೆಲ್ ಕೊರೆಸಿದೆವು. ನೀರು ಧಾರಾಳವಾಗಿ ಬಂತು. ಅದರ ಜೊತೆ ಕಬ್ಬಿಣವೂ ಬಂತು, ಸುಣ್ಣವೂ ಬಂತು.

ಮಲೆನಾಡಿನಲ್ಲಿ ಇಂಥ ನೀರು ಸಿಗುವುದು ಅಪರೂಪ ಎಂದು ನೋಡಿದವರೆಲ್ಲ ಹೇಳಿದರು. ಅಪರೂಪದ್ದು ನಮಗೇ ಸಿಕ್ಕಿತ್ತು. ಬಕೆಟ್ಟಿನ ತಳದಲ್ಲಿ ಕೆಂಪು ಕೂರುತ್ತಿತ್ತು. ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತಿತ್ತು. ಅಪ್ಪನ ಬಿಳಿ ಪಂಚೆಗಳು ಒಂದೊಂದಾಗಿ ಬಿಸ್ಕತ್ತಿನ ಬಣ್ಣಕ್ಕೆ ತಿರುಗಿದವು. ಕುಕ್ಕರ್ ಎಷ್ಟು ಕೂಗಿದರೂ ತೊಗರಿಬೇಳೆ ತನ್ನ ಆಕಾರ ಬಿಡುತ್ತಿರಲಿಲ್ಲ. ಚಹಾ ಕಾಸಿದರೆ ಶಾಯಿಯ ಬಣ್ಣ ಬರುತ್ತಿತ್ತು. ಇಷ್ಟೆಲ್ಲ ಆದರೂ ಯಾರೂ ದೊಡ್ಡ ದೂರು ಹೇಳಲಿಲ್ಲ. ಹೊಸ ಮನೆ, ಹೊಂದಿಕೊಳ್ಳಬೇಕು ಎಂದುಕೊಂಡಿದ್ದೆವು.

ಆಮೇಲೆ ಅಮ್ಮನ ಮಿಡಿ ಕಪ್ಪಾಯಿತು.

ಮಿಡಿ ಎಂದರೆ ಎಳೆ ಮಾವಿನಕಾಯಿ. ಅದರಲ್ಲೂ ಅಮ್ಮ ಹಾಕುತ್ತಿದ್ದದ್ದು ಜೀರಿಗೆ ಮಿಡಿ. ತೊಟ್ಟು ಮುರಿದರೆ ಜೀರಿಗೆಯ ಪರಿಮಳ ಬರುತ್ತದೆ. ಆ ಪರಿಮಳವೆಲ್ಲ ಇರುವುದು ಅದರ ಸೊನೆಯಲ್ಲಿ. ಮಿಡಿಯನ್ನು ಮೊದಲು ಉಪ್ಪಿನಲ್ಲಿ ಹಾಕಿಟ್ಟು, ಅದು ಸುಕ್ಕಾದ ಮೇಲೆ ಉಪ್ಪುನೀರು ಕಾಸಿ ಆರಿಸಿ, ಸಾಸಿವೆ ಮೆಣಸು ಅರೆದು ಬೆರೆಸುತ್ತಾರೆ. ಬೋರ್‌ವೆಲ್ ನೀರಿನಲ್ಲಿ ಹಾಕಿದ ಮೊದಲ ವರ್ಷದ ಭರಣಿಯನ್ನು ಅಮ್ಮ ಎಂದಿನಂತೆ ದೊಡ್ಡತ್ತೆಗೆ ಕಳಿಸಿದರು. ದೊಡ್ಡತ್ತೆ ಅಪ್ಪನ ಅಕ್ಕ, ಶೃಂಗೇರಿ ಸಮೀಪದ ಬೇಗಾರಿನವರು. ಭರಣಿಯ ಬಟ್ಟೆ ಬಿಚ್ಚಿ ನೋಡಿದವರೇ ಫೋನು ಮಾಡಿದರು.

"ಇದೆಂತ ಮಾರಾಯ್ತಿ, ಇದ್ದಿಲಿಗೆ ಖಾರ ಹಾಕಿ ಕಳಿಸಿದ್ಯಾ?"

ಅಷ್ಟೇ ಆಗಿದ್ದರೆ ಅಮ್ಮ ನುಂಗಿಕೊಳ್ಳುತ್ತಿದ್ದರೇನೋ. ಆದರೆ ಮುಂದಿನ ವೈಶಾಖದಲ್ಲಿ ದೊಡ್ಡತ್ತೆಯ ಮೊಮ್ಮಗಳ ಮದುವೆ ನಿಶ್ಚಯವಾಗಿತ್ತು. ಆ ಮನೆಯಲ್ಲಿ ಯಾವ ಊಟವಾದರೂ ಎಲೆಯ ತುದಿಗೆ ಬೀಳುತ್ತಿದ್ದದ್ದು ಅಮ್ಮನ ಮಿಡಿ. ಅದನ್ನು ಯಾರೂ ಕೇಳುತ್ತಿರಲಿಲ್ಲ, ಹೇಳುತ್ತಿರಲಿಲ್ಲ. ಅದು ಹಾಗೆಯೇ ಇತ್ತು. ಈ ಸಲ ದೊಡ್ಡತ್ತೆ ಹೊಸ ಮಾತು ಸೇರಿಸಿದರು.

"ನೀನು ಹಾಕು. ನಾನು ಬಂದು ರುಚಿ ನೋಡ್ತೆ. ಆಮೇಲೆ ತೀರ್ಮಾನ ಮಾಡುವ. ಜಯಪುರದವರೂ ಹಾಕ್ತೇವೆ ಅಂತಿದ್ದಾರೆ."

ಜಯಪುರದವರೆಂದರೆ ದೊಡ್ಡತ್ತೆಯ ಸೊಸೆಯ ತಾಯಿ. ಮದುಮಗಳಿಗೆ ಅವರೂ ಅಜ್ಜಿಯೇ. ಹಾಗಾಗಿ ಅವರ ಹಕ್ಕನ್ನು ತಳ್ಳಿಹಾಕುವಂತಿರಲಿಲ್ಲ. ಅಮ್ಮ ಫೋನಿಟ್ಟು ನನ್ನತ್ತ ತಿರುಗಿದರು.

"ಅಲ್ಲ ಮಾರಾಯ, ಆ ಜಯಪುರದವಳ ಉಪ್ಪಿನಕಾಯಿ ಬಿದ್ದ ಎಲೆ ಮುಂದೆ ನಾನು ಕೂರೂದಾ?"

"ಪಕ್ಕದ ಮನೆಯ ಬಾವಿಯಿಂದ ನಾಲ್ಕು ಕೊಡ ನೀರು ತಂದರೆ ಮುಗೀತಲ್ಲ" ಎಂದಳು ನನ್ನ ಹೆಂಡತಿ.

ಅಮ್ಮ ಅವಳನ್ನು ನೋಡಿದ ರೀತಿಯಲ್ಲಿ ಸಿಟ್ಟಿಗಿಂತ ಮರುಕ ಹೆಚ್ಚಿತ್ತು. ಮಿಡಿಗೆ ಬೇರೆ ಮನೆಯ ನೀರು, ಬೇರೆ ಮನೆಯ ಉಪ್ಪು ಸೇರಬಾರದು ಎಂಬುದು ಅಮ್ಮನ ತವರಿನ ಕಟ್ಟಳೆ. ಸೇರಿದರೆ ಅದು ಆ ಮನೆಯವರ ಉಪ್ಪಿನಕಾಯಿಯಾಗುತ್ತದೆ. ಆದ್ದರಿಂದ ನಮ್ಮ ಮನೆಯ ನೀರೇ ಸರಿಯಾಗಬೇಕಿತ್ತು, ಅದೂ ಮಿಡಿಯ ಕಾಲದೊಳಗೆ.

"ನೀನು ಪೇಪರ್‌ನವ ಅಲ್ದಾ, ವಿಚಾರಿಸು" ಎಂದು ಅಪ್ಪ ಜವಾಬ್ದಾರಿ ಹಂಚಿದರು.

ಮೊದಲು ಹೋದದ್ದು ಕೊಪ್ಪದ ಬಸ್‌ಸ್ಟ್ಯಾಂಡ್ ಹತ್ತಿರದ ಪೈಪು, ಮೋಟಾರಿನ ಅಂಗಡಿಗೆ. ಅಂಗಡಿಯವರು ನಾನು ಬಾಟಲಿಯಲ್ಲಿ ಒಯ್ದ ನೀರನ್ನು ಬೆಳಕಿಗೆ ಹಿಡಿದು, ಮೂಸಿ, ಅಲ್ಲಾಡಿಸಿ, ನಲ್ಲಿಯ ಬಾಯಿಗೆ ಹಳೆ ಪಂಚೆಯ ತುಂಡು ಕಟ್ಟುವಂತೆ ಸಲಹೆ ನೀಡಿದರು. ಮನೆಗೆ ಬಂದು ವರದಿ ಒಪ್ಪಿಸಿದೆ. ತಮ್ಮ ಪಂಚೆಗಳು ಈಗಾಗಲೇ ಕಬ್ಬಿಣ ಹಿಡಿಯುವ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿವೆ, ಇನ್ನೊಂದನ್ನು ಕೊಡಲು ಸಾಧ್ಯವಿಲ್ಲ ಎಂದು ಅಪ್ಪ ಸ್ಪಷ್ಟಪಡಿಸಿದರು.

ಎರಡನೆಯವನು ತಾನಾಗಿಯೇ ಬಂದ. ನರಸಿಂಹರಾಜಪುರದ ಯುವಕ, ಕುತ್ತಿಗೆಗೆ ಟೈ ಕಟ್ಟಿದ್ದ. ಅಡುಗೆಮನೆಯಲ್ಲಿ ಗೋಡೆಗೆ ಹಾಕುವ ಫಿಲ್ಟರ್ ಮಾರುತ್ತಿದ್ದ. ಜಗುಲಿಯ ಮೇಲೆ ಎರಡು ಗ್ಲಾಸು ಇಟ್ಟು, ಒಂದಕ್ಕೆ ನಮ್ಮ ನೀರು, ಇನ್ನೊಂದಕ್ಕೆ ತಾನು ತಂದ ಫಿಲ್ಟರ್ ನೀರು ಹೊಯ್ದು, ಎರಡರೊಳಗೂ ಲೋಹದ ಕಡ್ಡಿ ಇಳಿಬಿಟ್ಟು ಕರೆಂಟು ಕೊಟ್ಟ. ನೋಡನೋಡುತ್ತ ನಮ್ಮ ನೀರು ಕಂದಾಗಿ, ಮೇಲೆ ಕೆಸರಿನಂಥ ಪದರ ತೇಲಿತು. ಅವನದು ತಿಳಿಯಾಗಿಯೇ ಇತ್ತು.

"ಇಷ್ಟು ದಿನ ನೀವು ಕುಡೀತಿದ್ದದ್ದು ಇದು ಸಾರ್" ಎಂದು ದುಃಖದ ಮುಖ ಮಾಡಿದ.

ಅಪ್ಪ ಎದ್ದು ದೇವರ ಕೋಣೆಗೆ ಹೋದರು. ಶೃಂಗೇರಿಗೆ ಹೋದಾಗಲೆಲ್ಲ ಹೊಳೆಯಿಂದ ತುಂಬಿಸಿ ತರುತ್ತಿದ್ದ ತುಂಗೆಯ ನೀರಿನ ಬಾಟಲಿ ಹಿಡಿದು ಬಂದರು. "ಇದಕ್ಕೆ ಕೊಡು ನೋಡುವ ನಿನ್ನ ಕರೆಂಟು."

ಯುವಕ ಹಿಂದೆಮುಂದೆ ನೋಡಿದ. ಅಪ್ಪ ಬಿಡಲಿಲ್ಲ. ತುಂಗೆಯೂ ಕಂದಾದಳು.

"ತುಂಗೆ ಕೊಳಕು ಅಂತೀಯಾ?"

"ನಾನು ಅನ್ನಲಿಲ್ಲ ಸಾರ್. ಕರೆಂಟು ಅಂದಿದ್ದು."

"ನಿಮ್ಮೂರ ಭದ್ರೆ ನೀರು ಹಾಕಿದ್ರೆ ಎಂತ ಬಣ್ಣ ಬರ್ತದೆ?" ಅಮ್ಮ ಬಾಗಿಲಿನಿಂದ ಕೇಳಿದರು.

"ಅದಕ್ಕೆ ಹಾಕಿ ನೋಡಿಲ್ಲಮ್ಮ. ಹೊಳೆ ಪಕ್ಕದಲ್ಲೇ ನಮ್ಮ ಮಾವನ ಮನೆ."

ಅಷ್ಟರಲ್ಲಿ ಕಾಲೇಜಿನಿಂದ ಬಂದ ಹೆಂಡತಿ, ಇದರಲ್ಲಿ ಏನೂ ಇಲ್ಲ, ಕರಗುವುದು ಆ ಕಡ್ಡಿಯೇ ಎಂದು ವಿವರಿಸಿದಳು. ಅವನ ತಿಳಿ ನೀರಿಗೆ ಚಿಟಿಕೆ ಉಪ್ಪು ಹಾಕಿ ತೋರಿಸಿದಳು. ಅದೂ ಕಂದಾಯಿತು. ಯುವಕ ಕಡ್ಡಿ ಸುತ್ತಿಕೊಂಡು ಚೀಲಕ್ಕೆ ಹಾಕಿದ. ವಿಜ್ಞಾನ ಗೆದ್ದಿತು ಎಂದುಕೊಂಡೆ. ಆದರೆ ಅಮ್ಮ ಆ ಪ್ರಯೋಗದಿಂದ ಪಡೆದ ತಿಳಿವಳಿಕೆ ಬೇರೆ.

"ಉಪ್ಪು ಹಾಕಿದ ಕೂಡ್ಲೇ ಬಣ್ಣ ಕೆಡೂ ನೀರು ನಂಗೆ ಬೇಡ."

ಹೆಂಡತಿ ಮತ್ತೆ ವಿವರಿಸಲು ಹೊರಟು, ಅರ್ಧದಲ್ಲಿ ನನ್ನ ಮುಖ ನೋಡಿ ನಿಲ್ಲಿಸಿದಳು. ಗೋಡೆಯ ಫಿಲ್ಟರ್ ಅಲ್ಲಿಗೆ ಪಟ್ಟಿಯಿಂದ ಹೊರಬಿತ್ತು.

ಉಳಿದದ್ದು ಇಡೀ ಮನೆಯ ನೀರನ್ನು ಒಟ್ಟಿಗೆ ಸರಿಮಾಡುವ ದೊಡ್ಡ ಯಂತ್ರ. ಅದರ ಏಜೆನ್ಸಿ ಹಿಡಿದಿದ್ದ ಕೊಪ್ಪದ ವ್ಯಾಪಾರಿ, ಮಾತಿಗಿಂತ ಕಣ್ಣಾರೆ ನೋಡುವುದು ಮೇಲು ಎಂದು, ಶೃಂಗೇರಿಯಲ್ಲಿ ಅದನ್ನು ಹಾಕಿಸಿಕೊಂಡವರ ಮನೆಗೆ ನಮ್ಮನ್ನು ಕಳಿಸಿದರು. ನಾನು, ಅಪ್ಪ, ಅಮ್ಮ ಬಸ್ಸಿನಲ್ಲಿ ಹೋದೆವು. ಮನೆಯ ಯಜಮಾನರು ಸ್ನಾನಕ್ಕೆ ಹೋಗಿದ್ದರು. ಕೂತೆವು. ಕಾಫಿ ಬಂತು. ಕಾಫಿ ಮುಗಿಯಿತು. ಅವರು ಬರಲಿಲ್ಲ. ಅವರ ಹೆಂಡತಿ ಎರಡು ಸಲ ಬಚ್ಚಲಿನ ಬಾಗಿಲು ತಟ್ಟಿದರು.

"ಬಂದೆ ಮಾರಾಯ್ತಿ! ಸೋಪು ಹೋಗ್ತಾ ಇಲ್ಲ!"

ಕೊನೆಗೆ ಬಂದವರ ಬೆರಳ ತುದಿಗಳೆಲ್ಲ ಸುಕ್ಕಾಗಿದ್ದವು. "ನೀರು ಭಾರೀ ಮೆದು ಆಗ್ಬಿಟ್ಟಿದೆ ಮಾರಾಯ್ರೆ. ಎಷ್ಟು ಹೊಯ್ಕೊಂಡ್ರೂ ಮೈ ಜಾರ್ತದೆ. ಸೋಪು ಹೋಯ್ತೋ ಇಲ್ವೋ ಗೊತ್ತೇ ಆಗೂದಿಲ್ಲ. ಒಂದು ತಿಂಗಳಿಂದ ನಾನು ಪೂರ್ತಿ ಸ್ನಾನ ಮುಗಿಸಿದ್ದೇನೆ ಅಂತ ನಂಗೇ ನಂಬಿಕೆ ಇಲ್ಲ" ಎಂದರು. ಯಂತ್ರವನ್ನು ಇಷ್ಟು ಮೆಚ್ಚಿಕೊಂಡು ಇಷ್ಟು ನೊಂದವರನ್ನು ನಾನು ಮತ್ತೆ ಕಂಡಿಲ್ಲ.

ಅಮ್ಮ ಸ್ನಾನದ ಸಮಸ್ಯೆಯನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. ಹಾಲಿಲ್ಲದ ಚಹಾ ಒಂದು ಲೋಟ ಮಾಡಿಸಿಕೊಂಡು, ಕಿಟಕಿಯ ಬಳಿ ಹಿಡಿದು ನೋಡಿದರು. ತಿಳಿ ಕೆಂಪು. ಲೋಟದ ತಳ ಕಾಣುತ್ತಿತ್ತು.

"ಇದೇ ಆಗ್ಲಿ" ಎಂದರು. ಅಪ್ಪ ಪಂಚೆಯ ಬಗ್ಗೆ ಕೇಳಬೇಕೆಂದು ಬಾಯಿ ತೆರೆದಿದ್ದರು. ಅದರ ಅಗತ್ಯ ಬೀಳಲಿಲ್ಲ.

ಯಂತ್ರ ಬಂತು. ಮನೆಯ ಹಿಂದೆ, ಬಚ್ಚಲಿನ ಗೋಡೆಗೆ ಒತ್ತಿ ಎರಡು ಉದ್ದನೆಯ ಸಿಲಿಂಡರು, ಪಕ್ಕದಲ್ಲಿ ಮುಚ್ಚಳವಿದ್ದ ದೊಡ್ಡ ಪ್ಲಾಸ್ಟಿಕ್ ಡ್ರಮ್ಮು. ಮೊದಲ ಸಿಲಿಂಡರು ಕಬ್ಬಿಣ ಹಿಡಿಯುತ್ತದೆ. ಎರಡನೆಯದರಲ್ಲಿ ಸಾಸಿವೆಗಿಂತ ಸಣ್ಣ ಹಳದಿ ಮಣಿಗಳಿರುತ್ತವೆ; ಅವು ಸುಣ್ಣ ಹಿಡಿಯುತ್ತವೆ. ಹಿಡಿದು ಹಿಡಿದು ಮಣಿಗಳು ದಣಿದಾಗ ಡ್ರಮ್ಮಿನ ಉಪ್ಪುನೀರನ್ನು ಅವುಗಳ ಮೇಲೆ ಹಾಯಿಸಿ ತೊಳೆಯಬೇಕು. ವಾರಕ್ಕೊಮ್ಮೆ, ಒಂದು ಹಿಡಿಕೆ ತಿರುಗಿಸಿದರೆ ಸಾಕು. ಜೋಡಿಸಲು ಬಂದಿದ್ದ ಮೆಕ್ಯಾನಿಕ್ ಇಷ್ಟನ್ನು ಹೇಳಿ ಮುಗಿಸಿದಾಗ ಅಮ್ಮ ಡ್ರಮ್ಮಿನ ಬಗ್ಗೆ ಕೆಲವು ಪ್ರಶ್ನೆ ಕೇಳಿದರು.

"ಇದರಲ್ಲಿ ಯಾವಾಗ್ಲೂ ಉಪ್ಪುನೀರು ಇರ್ತದಾ?"

"ಇರಲೇಬೇಕಮ್ಮ. ತಳದಲ್ಲಿ ಕರಗದ ಉಪ್ಪು ಕಾಣ್ತಿರಬೇಕು, ಅಷ್ಟು ಗಟ್ಟಿ ಇರಬೇಕು."

"ನಾವು ತಿನ್ನೂ ಹರಳುಪ್ಪು ಹಾಕಬಹುದಾ?"

"ಹಾಕಬಹುದು."

"ಇದಕ್ಕೆ ಬರೂದು ಒಳ್ಳೇ ನೀರಾ, ಬೋರಿಂದಾ?"

"ಫಿಲ್ಟರ್ ಆದ ನೀರೇ."

"ಹುಳ ಹೋಗ್ತದಾ?"

"ಮುಚ್ಚಳ ಬಿಗಿ ಇದೆಯಲ್ಲಮ್ಮ."

"ಪ್ಲಾಸ್ಟಿಕ್ ಎಂಥದ್ದು?"

"ಊಟದ ಸಾಮಾನು ಹಾಕಿಡೋ ಜಾತೀದೇ."

ಗ್ರಾಹಕರು ಹೀಗೆ ಒಂದೊಂದಾಗಿ ಕೇಳಿ ತಿಳಿದುಕೊಳ್ಳಬೇಕು ಎಂದು ನನಗೆ ಮೆಚ್ಚುಗೆಯಾಯಿತು. ಹಿಡಿಕೆ ತಿರುಗಿಸುವ ಕೆಲಸವನ್ನು ಅಪ್ಪ ವಹಿಸಿಕೊಂಡರು. ಉಪ್ಪು ಹಾಕುವುದು ತಮ್ಮ ಕೆಲಸ, ಡ್ರಮ್ಮನ್ನು ಬೇರೆ ಯಾರೂ ಮುಟ್ಟುವುದು ಬೇಡ ಎಂದು ಅಮ್ಮ ಹೇಳಿದರು. ಹೊರೆ ಕಡಿಮೆಯಾದದ್ದಕ್ಕೆ ಅಪ್ಪ ಸಂತೋಷಪಟ್ಟರು.

ಕೆಲವು ವಾರ ಎಲ್ಲವೂ ಸುಖವಾಗಿತ್ತು. ಬೇಳೆ ಬೆಂದಿತು. ಪಂಚೆ ಬೆಳ್ಳಗಾಗದಿದ್ದರೂ ಇನ್ನಷ್ಟು ಕೆಂಪಾಗುವುದು ನಿಂತಿತು. ಅಪ್ಪ ಪ್ರತಿ ಭಾನುವಾರ ಹೆಗಲಿಗೆ ಟವೆಲ್ ಹಾಕಿಕೊಂಡು, ಗಂಭೀರವಾಗಿ ಹಿಂದಕ್ಕೆ ಹೋಗಿ ಹಿಡಿಕೆ ತಿರುಗಿಸಿ ಬರುತ್ತಿದ್ದರು. ಮಿಡಿಯ ಕಾಲ ಬಂತು. ಮಿಡಿಯ ಮೂಟೆ ಬಂದ ದಿನ ನಾನು ತಾಲೂಕು ಪಂಚಾಯಿತಿ ಸಭೆಯ ಸುದ್ದಿಗೆಂದು ನರಸಿಂಹರಾಜಪುರಕ್ಕೆ ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ಮಿಡಿ ಉಪ್ಪಿಗೆ ಬಿದ್ದಾಗಿದೆ ಎಂದು ತಿಳಿಯಿತು. ಎಲ್ಲಿ ಎಂದು ನಾನು ಕೇಳಲಿಲ್ಲ. ಉಪ್ಪಿನಕಾಯಿ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ.

ಅದಾದ ಮೊದಲ ಸೋಮವಾರ ಬೆಳಿಗ್ಗೆ ಅಪ್ಪ ಬಚ್ಚಲಿನಿಂದ ಕೂಗಿದರು.

"ಏ, ಬಚ್ಚಲಲ್ಲಿ ಎಂತಕ್ಕೆ ಉಪ್ಪಿನಕಾಯಿ ಇಟ್ಟಿದ್ದು?"

ಯಾರೂ ಇಟ್ಟಿರಲಿಲ್ಲ. ಆದರೆ ಬಿಸಿನೀರಿನ ಹಬೆಯಲ್ಲಿ ಜೀರಿಗೆ ಮಿಡಿಯ ಪರಿಮಳ ತುಂಬಿತ್ತು. ಹಲ್ಲುಜ್ಜಿದರೆ ಪರಿಮಳ, ಮುಖ ತೊಳೆದರೆ ಪರಿಮಳ. ಕಾಫಿ ಕುಡಿದ ಅಪ್ಪ ಲೋಟ ಕೆಳಗಿಟ್ಟು, "ಮೊಸರನ್ನ ಇದ್ರೆ ತಾ" ಎಂದರು. ಹೆಂಡತಿ ಅಂದು ತಲೆಗೆ ಸ್ನಾನ ಮಾಡಿ ಪಾಠಕ್ಕೆ ಹೋದಳು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ನೀವು ಈ ಕಡೆ ಬಂದ ಕೂಡ್ಲೇ ಹಸಿವಾಗ್ತದೆ" ಎಂದಳಂತೆ. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಮೂವರು ಅವಳ ಡಬ್ಬಿಯ ಮುಚ್ಚಳ ತೆಗೆಯುವುದನ್ನೇ ಕಾಯುತ್ತಿದ್ದರಂತೆ. ಒಳಗೆ ಉಪ್ಪಿಟ್ಟಿತ್ತು.

ಮುಂದಿನ ಭಾನುವಾರ ಹಿಡಿಕೆ ತಿರುಗಿಸಿದರೆ ಉಪ್ಪುನೀರು ಎಳೆಯುವ ಸದ್ದೇ ಬರಲಿಲ್ಲ. ಮೆಕ್ಯಾನಿಕ್‌ನನ್ನು ಕರೆಸಿದೆವು. ಅವನು ಅಲ್ಲಿ ಇಲ್ಲಿ ತಟ್ಟಿ ನೋಡಿ, ಡ್ರಮ್ಮಿನ ಮುಚ್ಚಳ ಎತ್ತಿದ. ಎತ್ತಿದವನು ಹಾಗೇ ಬಗ್ಗಿ ನಿಂತ. ನಾವೂ ಹೋಗಿ ಬಗ್ಗಿದೆವು. ಡ್ರಮ್ಮಿನ ತುಂಬ ಜೀರಿಗೆ ಮಿಡಿ ತೇಲುತ್ತಿತ್ತು. ಒಂದು ಮಿಡಿ ನೀರೆಳೆಯುವ ಕೊಳವೆಯ ಬಾಯಿಗೆ ಬಿರಡೆಯಂತೆ ಕೂತಿತ್ತು.

"ಸಾರ್, ಇದು..." ಮೆಕ್ಯಾನಿಕ್ ನನ್ನನ್ನು ನೋಡಿದ. "ಟ್ರೈನಿಂಗಲ್ಲಿ ಹೇಳಿಕೊಟ್ಟಿಲ್ಲ."

ಸದ್ದಿಗೆ ಅಮ್ಮ ಓಡಿ ಬಂದರು. "ಮುಚ್ಚಳ ತೆಗೆದ್ಯಾ? ಕೈ ತೊಳೆದಿದ್ಯಾ?"

"ಅಮ್ಮಾ, ಇದು ಮಷೀನು" ಎಂದ ಮೆಕ್ಯಾನಿಕ್.

"ಗೊತ್ತುಂಟು ಮಾರಾಯ. ಉಪ್ಪುನೀರು, ಒಳ್ಳೇ ನೀರು, ಬಿಗಿ ಮುಚ್ಚಳ. ಮದುವೆ ಅಳತೆ ಮಿಡಿಗೆ ನನ್ನ ಭರಣಿ ಸಾಲ್ತದಾ? ನೀನೇ ಹೇಳಿದ್ದಲ್ವ ಹಾಕಬಹುದು ಅಂತ."

"ಉಪ್ಪು ಹಾಕಬಹುದು ಅಂದೆನಮ್ಮ."

"ಉಪ್ಪು ಹಾಕೂದು ಮತ್ತೆ ಎಂತಕ್ಕೆ?"

ಹೆಂಡತಿ ಗೋಡೆಗೆ ಹಣೆ ಒತ್ತಿ ನಗುತ್ತಿದ್ದಳು. ಆಮೇಲೆ ಅವಳೇ ವಿವರಿಸಿದಳು. ಮಿಡಿಯಿಂದ ಉಪ್ಪುನೀರಿಗಿಳಿದ ಸೊನೆಯನ್ನೆಲ್ಲ ಅಪ್ಪ ಶ್ರದ್ಧೆಯಿಂದ ಹಿಡಿಕೆ ತಿರುಗಿಸಿ ಎರಡನೇ ಸಿಲಿಂಡರಿಗೆ ಕಳಿಸಿದ್ದರು. ಹಳದಿ ಮಣಿಗಳಿಗೆ ಆ ಪರಿಮಳ ಅಂಟಿಕೊಂಡಿತ್ತು. ಮಣಿಗಳನ್ನೇ ಬದಲಿಸಬೇಕು ಎಂದ ಮೆಕ್ಯಾನಿಕ್. ಅಮ್ಮ ಒಂದು ಮಿಡಿ ಎತ್ತಿ ನೋಡಿದರು. ಬಣ್ಣ ಚೊಕ್ಕವಾಗಿತ್ತು. ಕಚ್ಚಿದರು, ಕರುಕ್ ಎಂದಿತು. ಮೂಸಿದರು. ಮತ್ತೊಮ್ಮೆ ಮೂಸಿದರು. ಅವರ ಮುಖ ಇಳಿಯಿತು.

ಉಪ್ಪಿನಕಾಯಿಯಲ್ಲಿರಬೇಕಾದ ಪರಿಮಳ ಇಡೀ ಮನೆಯ ನಲ್ಲಿಗಳಲ್ಲಿತ್ತು, ಮಿಡಿಯಲ್ಲಿ ಇರಲಿಲ್ಲ.

ಆ ವರ್ಷದ ಜೀರಿಗೆ ಮಿಡಿ ಅಷ್ಟರಲ್ಲಿ ಮುಗಿದಿತ್ತು. ಇದ್ದದ್ದನ್ನೇ ಅಮ್ಮ ತೆಗೆದು, ಸಾಸಿವೆ ಮೆಣಸು ಅರೆದು ಹಾಕಿದರು. ಜಯಪುರದವರಿಗೆ ತಾವೇ ಫೋನು ಮಾಡಿ, ನೀವೇ ಹಾಕಿ ಅಂದುಬಿಡುವುದು ಮರ್ಯಾದೆಯೋ, ದೊಡ್ಡತ್ತೆಯ ಬಾಯಲ್ಲಿ ಕೇಳುವುದು ಮರ್ಯಾದೆಯೋ ಎಂದು ಹೆಂಡತಿಯ ಹತ್ತಿರ ಒಮ್ಮೆ ಕೇಳಿದರಂತೆ.

ಅವರು ತೀರ್ಮಾನಿಸುವ ಮೊದಲೇ ದೊಡ್ಡತ್ತೆ ರುಚಿ ನೋಡಲು ಬಂದಿಳಿದರು. ಬಸ್ಸಿನಿಂದಿಳಿದು ಬಂದವರು ಎಂದಿನಂತೆ ಹಿತ್ತಲ ನಲ್ಲಿಯಲ್ಲಿ ಕೈಕಾಲು ಮುಖ ತೊಳೆದು, ಬಾಯಿ ಮುಕ್ಕಳಿಸಿದರು. ಒಳಗೆ ಬಂದಾಗ ಅವರ ಮೂಗಿನ ಹೊಳ್ಳೆ ಅರಳಿತ್ತು.

"ಇದೆಂತ ಮಾರಾಯ್ತಿ, ಹಿತ್ತಲ ತನಕ ಪರಿಮಳ!"

ಅಮ್ಮ ತಟ್ಟೆಯಲ್ಲಿ ಗಂಜಿ, ಬದಿಗೆ ಒಂದು ಮಿಡಿ ಇಟ್ಟರು. ದೊಡ್ಡತ್ತೆ ತೊಳೆದ ಕೈಯಲ್ಲಿ ಮಿಡಿ ಎತ್ತಿ, ಮೂಗಿಗೆ ಹಿಡಿದು, ಕಚ್ಚಿ, ಕಣ್ಣು ಮುಚ್ಚಿದರು. "ಬಣ್ಣ ನೋಡು. ಪರಿಮಳ ನೋಡು. ಆಯ್ತು, ನಿನ್ನದೇ. ಜಯಪುರದವರಿಗೆ ನಾನು ಹೇಳ್ತೆ."

ಪರಿಮಳವಿದ್ದದ್ದು ಮಿಡಿಯಲ್ಲೋ ದೊಡ್ಡತ್ತೆಯ ಬೆರಳಲ್ಲೋ ಎಂಬುದು ಅಲ್ಲಿದ್ದ ನಾಲ್ವರಿಗೂ ಗೊತ್ತಿತ್ತು. ಯಾರೂ ಹೇಳಿಕೆ ನೀಡಲಿಲ್ಲ.

ದೊಡ್ಡತ್ತೆಯನ್ನು ಬಸ್ಸು ಹತ್ತಿಸಿ ಬಂದ ಮೇಲೆ ಅಮ್ಮ ಭರಣಿಯ ಮುಂದೆ ಕೂತರು. "ಮದುವೆ ಮನೆಲಿ ಎಂತ ಮಾಡೂದು? ಅಲ್ಲಿ ಅವರ ನೀರಲ್ಲಿ ಕೈ ತೊಳೀತಾರೆ!"

ಅಪ್ಪ ಹಿತ್ತಲ ನಲ್ಲಿಯಲ್ಲಿ ಕೈ ತೊಳೆದು ಬಂದು, ಬೆರಳು ಮೂಸಿ ನೋಡಿದರು. ಆಮೇಲೆ, "ಮಣಿ ಬದಲಿಸೂದು ಮದುವೆ ಮುಗಿದ ಮೇಲೆ ಸಾಕು" ಎಂದರು.

ಮದುವೆಯ ದಿನ ಬಾಡಿಗೆ ಜೀಪಿನಲ್ಲಿ ನಾವು ಬೇಗಾರಿಗೆ ಹೊರಟಾಗ ನಮ್ಮ ಕಾಲ ಬಳಿ ಉಪ್ಪಿನಕಾಯಿಯ ಭರಣಿಗಳು, ಹಿಂದಿನ ಸೀಟಿನಲ್ಲಿ ನಮ್ಮ ನಲ್ಲಿಯ ನೀರು ತುಂಬಿದ ಕ್ಯಾನುಗಳು. ಊಟದ ಚಪ್ಪರದ ಬಾಗಿಲಲ್ಲಿ ಅಪ್ಪ ತಾಮ್ರದ ಚೊಂಬು ಹಿಡಿದು ನಿಂತರು. ಪಂಕ್ತಿಗೆ ಬಂದ ಪ್ರತಿಯೊಬ್ಬರ ಕೈಗೂ ತಾವೇ ನೀರು ಹೊಯ್ದರು. ಹುಡುಗಿಯ ಅಜ್ಜಿಯ ತಮ್ಮ, ನಿವೃತ್ತ ಮೇಷ್ಟ್ರು, ಈ ವಯಸ್ಸಿನಲ್ಲಿ ಎಂಥ ವಿನಯ ಎಂದು ಗಂಡಿನ ಕಡೆಯವರು ಮಾತಾಡಿಕೊಂಡರು. ಹಳೆ ವಿದ್ಯಾರ್ಥಿಯೊಬ್ಬರು ಕಣ್ಣೀರು ಹಾಕಿಕೊಂಡು ಚೊಂಬು ಕಸಿಯಲು ನೋಡಿದರು. ಅಪ್ಪ ಬಿಡಲಿಲ್ಲ. ಬಾವಿಕಟ್ಟೆಯಲ್ಲಿ ಕೈ ತೊಳೆದು ಬಂದವರನ್ನೂ ತಡೆದು ಇನ್ನೊಮ್ಮೆ ತೊಳೆಸಿದರು.

ಒಳಗೆ ಮಿಡಿಯನ್ನು ಜನ ಎರಡೆರಡು ಸಲ ಹಾಕಿಸಿಕೊಂಡರು. ಬಡಿಸುತ್ತಿದ್ದವರು ಅಮ್ಮನ ಕಡೆ ನೋಡಿ ತಲೆ ಅಲ್ಲಾಡಿಸಿ ಹೋದರು. ಅಮ್ಮ ಕಂಬಕ್ಕೆ ಒರಗಿ ನಿಂತು, ಪಂಕ್ತಿಯ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು.

ಕೊನೆಯ ಪಂಕ್ತಿಗೆ ಮನೆಯವರು ಕೂರುವ ಹೊತ್ತಿಗೆ ನೀರು ಮುಗಿಯಿತು. ಜಯಪುರದವರು ಬಾವಿಕಟ್ಟೆಯಲ್ಲಿ ಕೈ ತೊಳೆದು, ಅಪ್ಪನ ಖಾಲಿ ಚೊಂಬನ್ನು ದಾಟಿ, ಬಂದು ಅಮ್ಮನ ಪಕ್ಕದ ಎಲೆಗೇ ಕೂತರು. ಮಿಡಿ ಬಿತ್ತು. ಅವರು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿದರು. ತೊಟ್ಟು ನೋಡಿದರು. ಒತ್ತಿ ನೋಡಿದರು. ಕಚ್ಚಿದರು. ಅಮ್ಮ ಅನ್ನ ಕಲಸುವುದನ್ನು ನಿಲ್ಲಿಸಿದ್ದರು.

ಜಯಪುರದವರು ಅಮ್ಮನ ಕಿವಿಯ ಹತ್ತಿರ ಬಗ್ಗಿದರು.

"ಒಂದು ಕೇಳ್ತೆ, ತಪ್ಪು ತಿಳೀಬೇಡಿ. ಬಣ್ಣ ಹೇಗೆ ಉಳಿಸಿದ್ರಿ? ನಾವೂ ಹೋದ ವರ್ಷ ಬೋರು ಹಾಕಿಸಿದ್ದು. ನನ್ನದು ಈ ಸಲ ಪೂರಾ ಮಸಿ. ನಿಮ್ಮ ಅತ್ತಿಗೆ ಫೋನು ಮಾಡಿ ಬೇಡ ಅಂದಾಗ, ಸದ್ಯ ಬಚಾವಾದೆ ಅಂದ್ಕೊಂಡೆ."

ಅಮ್ಮ ತಮ್ಮ ಎಲೆಯ ಹೋಳಿಗೆಯನ್ನು ಅರ್ಧ ಮುರಿದು ಅವರ ಎಲೆಗೆ ಹಾಕಿದರು.

"ನೀರಿನ ಮಷೀನು ಹಾಕಿಸಿಕೊಳ್ಳಿ, ಕೊಪ್ಪದಲ್ಲಿ ಸಿಗ್ತದೆ. ಡ್ರಮ್ಮು ಮಾತ್ರ ಎರಡು ಕೇಳಿ."